ಕಂದಾಯದ ಪಟ್ಟಿ, ಆರನೇ ವಾರ: ‘ಪೂವರ್’ ಕೊನೆಗೂ ‘ಪೂರ್ವ’ ಆಯ್ತು

ಭಾನುವಾರ ರಾತ್ರಿ, ವಿಜಯನಗರ.

ಅಂತೂ ಅರ್ಕಾವತ್ತು ದಾರಿಗೆ ಬಂತು! ಎರಡು ವಾರದಿಂದ ಇದೊಂದೇ ನನ್ನನ್ನು ಹಿಡಿದು ಕೂರಿಸಿತ್ತು.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಪಾವಗಡ ಕಡೆಯ ಒಂದು ಬಡ ಗ್ರಾಮ ಪಂಚಾಯಿತಿಗೆ ಮನೆ ಕಂದಾಯ, ನೀರಿನ ಕರದ ಬಾಕಿ ಪಟ್ಟಿ ತೆಗೆದುಕೊಡುವ ಸಣ್ಣ ತಂತ್ರಾಂಶ ಮಾಡುತ್ತಿದ್ದೇನೆ. ಪಂಚಾಯಿತಿಗಳಿಗೆ ಸರ್ಕಾರದ ಪಂಚತಂತ್ರ, ಇ-ಸ್ವತ್ತು ತಂತ್ರಾಂಶಗಳು ಇದ್ದೇ ಇವೆ, ಇದು ಅವಕ್ಕೆ ಬದಲಿ ಅಲ್ಲ. ಹಳೆಯ ಪಟ್ಟಿ ಶುದ್ಧವಾಗಬೇಕು, ಬೀದಿಗೆ ಇಳಿಯುವ ಬಿಲ್ ಕಲೆಕ್ಟರ್ ಕೈಗೆ ಒಂದು ಹಾಳೆ ಸಿಗಬೇಕು. ಅಷ್ಟೇ.

ಹಳೆಯ ಪಟ್ಟಿಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿವೆ, ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಫಾಂಟ್ ತೆಗೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕೋಕೂ ಆಗಲ್ಲ, ಜೋಡಿಸೋಕೂ ಆಗಲ್ಲ. ಅದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ಬರೆದೆ, ಜಾಸ್ತಿ ಭಾಗ ಸಲೀಸಾಗಿ ಬಂತು. ಮನೆಯ ನಾಲ್ಕು ದಿಕ್ಕಿಗೆ ಏನಿದೆ ಅಂತ ಬರೆಯುವ ಚಕ್ಕುಬಂದಿ ಕಾಲಂ ನೋಡಿದರೆ ‘ಪೂವರ್: ರಸ್ತೆ’! ನಾವು ಕೈಯಲ್ಲಿ ಬರೆಯುವಾಗ ಮೊದಲು ‘ವ’, ಆಮೇಲೆ ಅರ್ಕಾವತ್ತು. ಹಳೆಯ ಫಾಂಟಿನದೂ ಅದೇ ಕ್ರಮ. ಯೂನಿಕೋಡಿಗೆ ಮಾತ್ರ ನಾಲಿಗೆಯ ಕ್ರಮ ಬೇಕು: ಮೊದಲು ‘ರ್’, ಆಮೇಲೆ ‘ವ’. ‘ರ್’ ಅನ್ನು ಒಂದು ಹೆಜ್ಜೆ ಹಿಂದೆ ತಳ್ಳಿದೆ. ‘ಪೂರ್ವ’ ಸರಿಯಾಯಿತು, ಆದರೆ ಷರಾ ಕಾಲಂನ ‘ಅರ್ಜಿ’ ಕೆಟ್ಟಿತು. ‘ಜಿ’ಯ ಗುಡಿಸು ಒಂಟಿಯಾಗಿ ನೇತಾಡುತ್ತಿತ್ತು. ಈಗ ಕಾಗುಣಿತ, ಒತ್ತು ಎಲ್ಲ ಸೇರಿದ ಇಡೀ ಅಕ್ಷರವನ್ನು ದಾಟಿ ‘ರ್’ ಹಿಂದೆ ಹೋಗುತ್ತದೆ. ‘ವಷರ್’ ಕೂಡ ‘ವರ್ಷ’ ಆಗಿದೆ.

ಇಷ್ಟು ತಲೆಕೆಡಿಸಿಕೊಳ್ಳೋಕೆ ಕಾರಣ ಇದೆ. ಕೇಂದ್ರದ 15ನೇ ಹಣಕಾಸು ಆಯೋಗ 2021-26ಕ್ಕೆ ಹೇಳಿದ ಪ್ರಕಾರ ಪಂಚಾಯಿತಿಗೆ ಬಂದ ಅದರ ಅನುದಾನದಲ್ಲಿ ಶೇ. 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 40ರಲ್ಲೂ ಸಂಬಳ ಕೊಡುವಂತಿರಲಿಲ್ಲ. ಊರಿನವರೇ ಕೂತು ‘ಇದಕ್ಕೆ ಖರ್ಚು ಮಾಡೋಣ’ ಅನ್ನೋಕೆ ಸ್ವಂತ ಕಂದಾಯವೇ ಬೇಕು. ಬಾಕಿ ಎಷ್ಟು, ಯಾವ ಬೀದಿಯದು ಅನ್ನೋದೇ ಗೊತ್ತಿಲ್ಲದಿದ್ದರೆ ವಸೂಲಿ ಎಲ್ಲಿಂದ ಆಗಬೇಕು?

ನಿನ್ನೆ ಮೆಜೆಸ್ಟಿಕ್‌ನಿಂದ ಬೆಳಗಿನ ಬಸ್ ಹಿಡಿದು ಹೋಗಿದ್ದೆ. ಮುದ್ರಿಸಿದ ಪಟ್ಟಿಯನ್ನು ಬಿಲ್ ಕಲೆಕ್ಟರ್ ಮುಂದಿಟ್ಟೆ. ಹೆಚ್ಚು ಬಾಕಿ ಇರುವವರು ಮೇಲೆ, ಕಡಿಮೆ ಇರುವವರು ಕೆಳಗೆ. ಅವರು ಎರಡು ಹಾಳೆ ತಿರುಗಿಸಿ, ಚೀಲದಿಂದ ತಮ್ಮ ರಿಜಿಸ್ಟರ್ ತೆಗೆದರು. ರಬ್ಬರ್ ಬ್ಯಾಂಡ್ ಸುತ್ತಿದ್ದು, ಹೆಬ್ಬೆರಳು ತಾಗುವ ಅಂಚೆಲ್ಲ ಕಪ್ಪಗಾಗಿತ್ತು. “ನಾನು ಗುಡಿಯಿಂದ ಶುರು ಮಾಡ್ತೀನಿ, ಟ್ಯಾಂಕ್ ಹತ್ರ ಮುಗಿಸ್ತೀನಿ. ಆ ಸಾಲಿನಲ್ಲಿ ಕೊಡಿ” ಅಂದರು. ಎಂಥ ಸರಿಯಾದ ಮಾತು, ಅಲ್ವಾ? ನಡೆಯುವವರಿಗೆ ನಡಿಗೆಯ ಕ್ರಮವೇ ಬೇಕು. ಬಸ್ಸಿನಲ್ಲಿ ವಾಪಸ್ ಬರುವಾಗಲೇ ‘ನಡಿಗೆ ಸಂಖ್ಯೆ’ ಅಂತ ಹೊಸ ಕಾಲಂ ಸೇರಿಸಿದೆ.

ಕರೆಂಟ್ ಹೋದರೆ ಅಲ್ಲಿ ಇಂಟರ್ನೆಟ್ಟೂ ಹೋಗುತ್ತದೆ. ಅದಕ್ಕೇ ಎಲ್ಲವೂ ಕಚೇರಿಯ ಕಂಪ್ಯೂಟರಿನಲ್ಲೇ, ಒಂದೇ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿನಲ್ಲಿ. ನಾನು ಮನೆಗೆ ತರೋದು ಹೆಸರು, ಫೋನ್ ನಂಬರ್ ಅಳಿಸಿದ ಮಾದರಿ ಮಾತ್ರ.

ಮುಂದಿನ ಭಾನುವಾರ ಬಿಲ್ ಕಲೆಕ್ಟರ್ ಜೊತೆ ಬೀದಿ ಸುತ್ತಿ ಮನೆಮನೆಗೂ ನಡಿಗೆ ಸಂಖ್ಯೆ ಹಾಕಬೇಕು. ಜನ ಕೂಲಿಗೆ ಹೊರಡೋ ಮುಂಚೆ ಸಿಗಬೇಕಲ್ಲ, ಬೆಳಗ್ಗೆ ಆರೂವರೆಗೆ ಗುಡಿ ಹತ್ರ ಬನ್ನಿ ಅಂದಿದ್ದಾರೆ. ಶನಿವಾರ ರಾತ್ರಿಯೇ ಹೋಗಿ ಉಳಿದುಕೊಳ್ಳುತ್ತೇನೆ.