ಕುದುರೆಮುಖದ ಹಳ್ಳದಲ್ಲಿ ದುಬಾರಿ ಶೂ

ಕಳೆದ ಶನಿವಾರ ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹೊರಟ ನಮ್ಮ ತಂಡ ಮೊದಲ ದೊಡ್ಡ ಹಳ್ಳವನ್ನು ದಾಟಿದ ಕೂಡಲೇ ಸಹೋದ್ಯೋಗಿಯೊಬ್ಬರು ಬಂಡೆಯ ಮೇಲೆ ಕುಳಿತು, ಎಡಗಾಲಿನ ಶೂ ಬಿಚ್ಚಿ ಬೋರಲು ಹಾಕಿದರು. ಲೋಟದಷ್ಟು ನೀರು ಸುರಿಯಿತು. ನೀರು ನುಗ್ಗದಂತೆ ಒಳಗೆ ಪೊರೆಯಿದ್ದ, ಹರಡನ್ನೂ ಮುಚ್ಚುವ ಶೂ ಅದು. ಪಕ್ಕದಲ್ಲೇ ನಿಂತಿದ್ದ ಗೈಡ್ ಹುಡುಗ, ಅಕ್ಕಪಕ್ಕ ತೂತುಗಳಿದ್ದ ತನ್ನ ಕಪ್ಪು ಪ್ಲಾಸ್ಟಿಕ್ ಶೂಗಳಿಂದ ನೀರು ತಾನಾಗಿಯೇ ಇಳಿದುಹೋಗುತ್ತಿರಲು, "ಎಷ್ಟು ಕೊಟ್ರಿ ಸಾರ್ ಇದಕ್ಕೆ?" ಎಂದು ಕೇಳಿದ. ಬೆಂಗಳೂರಿನಿಂದ ಬರುವ ದಾರಿಯುದ್ದಕ್ಕೂ ಹದಿನಾಲ್ಕು ಸಾವಿರದ ಕಥೆ ಹೇಳಿದ್ದ ಮನುಷ್ಯ, ಅವನಿಗೆ "ಎರಡು ಸಾವಿರ" ಎಂದರು.

ಆ ಸುಳ್ಳು ಈ ವಾರವೆಲ್ಲ ನನ್ನ ತಲೆಯಲ್ಲಿ ಸುತ್ತುತ್ತಿದೆ. ಅವರು ಕೆಟ್ಟವರಲ್ಲ, ಸ್ವಲ್ಪ ಜಂಭದವರು, ಅಷ್ಟೆ. ಹುಡುಗನೆದುರು ನಾಚಿಕೆಯಾಯಿತೋ, ಬೋರಲಾದ ಶೂ ಕಂಡು ತಮಗೇ ಪೆಚ್ಚೆನಿಸಿತೋ ತಿಳಿಯದು. ಹುಡುಗ ಮಾತ್ರ ಬೆಲೆಯನ್ನು ನಂಬಿದಂತೆ ಕಾಣಲಿಲ್ಲ. "ನೀರು ಒಳಗೆ ಬಂದ್ರೆ ಬರ್ಲಿ ಸಾರ್, ಹೊರಗೆ ಹೋಗೋಕೆ ದಾರಿ ಬೇಕಲ್ಲ" ಎಂದು ಮುಂದೆ ನಡೆದ.

ಮಳೆಗಾಲದ ಪಶ್ಚಿಮಘಟ್ಟಕ್ಕೆ ಶೂ ಆರಿಸುವ ಪ್ರಶ್ನೆಯನ್ನು ಇದಕ್ಕಿಂತ ಸರಿಯಾಗಿ ಹೇಳಿದ ಅಂಗಡಿಯವನನ್ನು ನಾನು ಕಂಡಿಲ್ಲ. ನೀರು ತಡೆಯುವ ಪೊರೆ ಇಬ್ಬನಿಗೆ, ತೆಳು ಮಳೆಗೆ, ಹಿಮಕ್ಕೆ ಒಳ್ಳೆಯದು. ಮೊಣಕಾಲುದ್ದದ ಹಳ್ಳದಲ್ಲಿ ನೀರು ಮೇಲಿನಿಂದಲೇ ಇಳಿಯುವುದರಿಂದ ಅದೇ ಪೊರೆ ನೀರನ್ನು ಒಳಗೆ ಹಿಡಿದಿಡುತ್ತದೆ. 1,894 ಮೀಟರ್ ಎತ್ತರದ ಆ ಶಿಖರಕ್ಕೆ ಹೋಗುವ ದಾರಿಯಲ್ಲಿ ಇಂಥ ಹಳ್ಳಗಳು ಒಂದರ ಹಿಂದೊಂದು ಬರುತ್ತವೆ. ಬಲೆಯಂಥ ಬಟ್ಟೆಯ, ಬೇಗ ಆರುವ ಹಗುರ ಶೂ, ಕೆಸರು ಕಚ್ಚುವಷ್ಟು ಆಳದ ಹಲ್ಲುಗಳಿರುವ ಅಡಿ, ನೀರು ಹೀರಿ ಬೊಬ್ಬೆ ಎಬ್ಬಿಸುವ ಹತ್ತಿಯ ಬದಲು ಉಣ್ಣೆ ಅಥವಾ ಸಿಂಥೆಟಿಕ್ ಕಾಲುಚೀಲ, ಅದರ ಮೇಲೆ ಇಂಬಳ ನುಸುಳದ ಒತ್ತು ನೇಯ್ಗೆಯ ಉದ್ದ ಚೀಲ: ಇಲ್ಲಿಗೆ ಬೇಕಾದದ್ದು ಇವು. ಶೂ ಕೊಳ್ಳಲು ಸಂಜೆ ಹೋಗುವುದು ಮೇಲು, ಏಕೆಂದರೆ ದಿನವಿಡೀ ಓಡಾಡಿದ ಪಾದ ಅಷ್ಟು ಹೊತ್ತಿಗೆ ತುಸು ಊದಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಿನ ಅಗಲದಷ್ಟಾದರೂ ಜಾಗವಿರದಿದ್ದರೆ, ಇಳಿಜಾರಿನಲ್ಲಿ ಉಗುರು ಕಪ್ಪಾಗುವುದು ಖಂಡಿತ.

ಹಾಗೆಂದು ಪ್ಲಾಸ್ಟಿಕ್ ಶೂವನ್ನು ಹೊಗಳಿ ಅಟ್ಟಕ್ಕೇರಿಸುವವರೊಂದಿಗೆ ನನ್ನ ಸಹಮತವಿಲ್ಲ. ಅದರಲ್ಲಿ ಹಿಮ್ಮಡಿಗೆ ಮೆತ್ತೆಯೂ ಇಲ್ಲ, ಪಾದದ ಕಮಾನಿಗೆ ಆಸರೆಯೂ ಇಲ್ಲ. ಊಟಕ್ಕೆ ಕುಳಿತಾಗ ಕಂಡ ಆ ಹುಡುಗನ ಹಿಮ್ಮಡಿಯ ಬಿರುಕುಗಳಲ್ಲಿ ಕೆಂಪು ಮಣ್ಣು ಸೇರಿತ್ತು. ಅವನು ಬೆಲೆ ಕೇಳಿದ್ದು ಕುತೂಹಲಕ್ಕೆಂದು ಅಲ್ಲಿ ನಾವೆಲ್ಲ ನಕ್ಕೆವು. ಕೊಳ್ಳುವ ಮನಸ್ಸಿನಿಂದಲೂ ಕೇಳಿರಬಹುದು. ಹಾಗಿದ್ದರೆ "ಎರಡು ಸಾವಿರ" ಎಂಬ ಉತ್ತರ ಅವನನ್ನು ತಪ್ಪು ಲೆಕ್ಕಕ್ಕೆ ಹಚ್ಚಿರುತ್ತದೆ.

ಸಹೋದ್ಯೋಗಿ ಈಗ ಶೂ ಮಾರಿಬಿಡುವ ಮಾತಾಡುತ್ತಿದ್ದಾರೆ. ಚಳಿಗಾಲದ ಹಿಮಾಲಯಕ್ಕೆ ಅದೇ ಸರಿಯಾದ ಶೂ, ಸುದ್ದಿಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ ಇಟ್ಟುಕೊಳ್ಳಿ, ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತದೆ ಎಂದು ಹೇಳಿದ್ದೇನೆ.