ಹೊಸ ವರ್ಷದ ಮೊದಲ ಕೆಲಸ

ಮುಂದಿನ ವರ್ಷ ಎಚ್‌ಆರ್‌ನಲ್ಲಿ, ಅಂದರೆ ಸಿಬ್ಬಂದಿ ನೋಡಿಕೊಳ್ಳುವ ಕೆಲಸದಲ್ಲಿ, ಏನು ಮುಖ್ಯ ಅಂತ ಕೇಳಿದರೆ ಎಲ್ಲರೂ ಎಐ, ಆ್ಯಪ್ ಅಂತಾರೆ. ಇರಲಿ, ಬೇಕು. ಆದರೆ ನಮ್ಮ ದಾವಣಗೆರೆಯ ಅಕ್ಕಿ ಗಿರಣಿ, ಬಟ್ಟೆ ಅಂಗಡಿ, ಪಿ.ಬಿ. ರಸ್ತೆಯ ಶೋರೂಮ್‌ಗಳಲ್ಲಿ ಎಷ್ಟೋ ಜನ ಕೈಯಲ್ಲಿ ಒಂದು ನೇಮಕಾತಿ ಪತ್ರವೂ ಇಲ್ಲದೆ, ಬರೀ ಬಾಯಿಮಾತು ನಂಬಿ ವರ್ಷಗಟ್ಟಲೆ ದುಡಿಯುತ್ತಿದ್ದಾರಲ್ವಾ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ (ಕೇಂದ್ರದ ಹೊಸ ಕಾರ್ಮಿಕ ಕಾನೂನುಗಳ) ಪ್ರಕಾರ ಆ ಪತ್ರ ಕಡ್ಡಾಯ. ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಸಿಗುತ್ತದೆ, ಇದು ತುಂಬಾ ದೊಡ್ಡದು. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದಷ್ಟು ಭಾಗ ಕಾನೂನಿನ ಲೆಕ್ಕದ ‘ವೇತನ’ಕ್ಕೇ ಸೇರುತ್ತದೆ, ಅದರಿಂದ ಪಿಎಫ್ (ಭವಿಷ್ಯ ನಿಧಿ) ಲೆಕ್ಕವೂ ಬದಲಾಗಬಹುದು. ಇದನ್ನು ಸುಮ್ನೆ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಸಾಲದು, ಎದುರಿಗೆ ಕೂತು ಬಿಡಿಸಿ ಹೇಳಬೇಕು. ನಾನು ಜನವರಿಯಲ್ಲಿ ಹಮಾಲರಿಂದಲೇ ಶುರು ಮಾಡುತ್ತೇನೆ.