ಶ್ರೀರಂಗಪಟ್ಟಣಕ್ಕೆ ಒಂದು ಗಂಟೆ ಸಾಲದು

ಮೈಸೂರಿಗೆ ಹೋಗುವ ದಾರಿಯಲ್ಲಿ ಶ್ರೀರಂಗಪಟ್ಟಣವನ್ನು ‘ಹಂಗೇ ನೋಡ್ಕೊಂಡು ಹೋಗೋಣ’ ಅನ್ನುವವರೇ ಜಾಸ್ತಿ. ನಾವೂ ಎರಡು ಸಲ ಹಾಗೇ ಮಾಡಿದ್ದೆವು. ಈ ಸಲ ಅಮ್ಮ, ಅಕ್ಕನ ಮಗನನ್ನು ಕರೆದುಕೊಂಡು ಬೆಳಗ್ಗೆಯೇ ಮೈಸೂರಿನಲ್ಲಿ ರೈಲು ಹತ್ತಿದೆ. ದೂರ ಸುಮಾರು 15 ಕಿ.ಮೀ. ಅಷ್ಟೆ. ಹಳಿ ಕೋಟೆಯೊಳಗೇ ಹಾದು ಹೋಗುತ್ತದೆ. ಜೋಡಿ ಹಳಿ ಹಾಕಲು 2017ರಲ್ಲಿ ಟಿಪ್ಪುವಿನ ಮದ್ದುಗುಂಡಿನ ಮನೆಯೊಂದನ್ನು ಇಡಿಯಾಗಿ ಪಕ್ಕಕ್ಕೆ ಸರಿಸಿದ್ದರಂತೆ ಅಂದಾಗ ಹುಡುಗ ನಂಬಲೇ ಇಲ್ಲ.

ಮೊದಲು ರಂಗನಾಥಸ್ವಾಮಿ ಗುಡಿ ನೋಡಿ. ನಾವು ಅದನ್ನು ಕೊನೆಗಿಟ್ಟು ಕೆಟ್ಟೆವು. ಮಧ್ಯಾಹ್ನ ಬಾಗಿಲು ಹಾಕಿತ್ತು, ಅಮ್ಮ ಸಂಜೆವರೆಗೂ ಗೊಣಗಿದರು. ಊರು ಶುರುವಾದದ್ದೇ ಈ ಗುಡಿಯಿಂದ. ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯ ಎಂಬಾತ ಕಟ್ಟಿಸಿದ್ದು ಎನ್ನುತ್ತಾರೆ. ಕಾವೇರಿ ಎರಡಾಗಿ ಸುತ್ತುವರಿದ ನಡುಗಡ್ಡೆ ಇದು, ಆದಿರಂಗ, ಅಂದರೆ ಕಾವೇರಿಯುದ್ದಕ್ಕೂ ಇರುವ ರಂಗನಾಥ ಕ್ಷೇತ್ರಗಳಲ್ಲಿ ಮೊದಲನೆಯದು. ವಿಜಯನಗರದ ಪ್ರತಿನಿಧಿ ಇಲ್ಲೇ ಇದ್ದ. 1610ರಲ್ಲಿ ರಾಜ ಒಡೆಯರು ಈ ಊರನ್ನು ಗೆದ್ದು ರಾಜಧಾನಿ ಮಾಡಿಕೊಂಡರು. ಒಡೆಯರ ದಸರಾ ಶುರುವಾದದ್ದೂ ಇಲ್ಲೇ, ಮೈಸೂರಿನಲ್ಲಲ್ಲ! 1799ರಲ್ಲಿ ಟಿಪ್ಪು ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಮರಳಿತು.

ದರಿಯಾ ದೌಲತ್‌ಗೆ ಮಾತ್ರ ಆತುರ ಪಡಬೇಡಿ. 1784ರ ತೇಗದ ಅರಮನೆ, ಗೋಡೆಯೆಲ್ಲ ಚಿತ್ರ. ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧ ಇದೆ. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿರುವ ಇಂಗ್ಲಿಷ್ ಅಧಿಕಾರಿಯನ್ನು ಹುಡುಕಿ. ಅವನೇ ಆ ಯುದ್ಧದಲ್ಲಿ ಸೋತು ಸೆರೆಯಾದ ಕರ್ನಲ್ ಬೇಯ್ಲಿ. ಅಲ್ಲಿಂದ ಕೋಟೆಯೊಳಗಿನ ಅವನ ಹೆಸರಿನ ಸೆರೆಮನೆಗೆ ಹೋದರೆ ಕತೆ ಪೂರ್ತಿಯಾಗುತ್ತದೆ. ಗೋಡೆಯಿಂದ ಚಾಚಿಕೊಂಡ ಕಲ್ಲುಗಳಿಗೆ ಕೈದಿಗಳನ್ನು ಕಟ್ಟುತ್ತಿದ್ದರಂತೆ. ನದಿ ನೀರು ಅವರ ಕುತ್ತಿಗೆವರೆಗೂ ತುಂಬುತ್ತಿತ್ತು ಅಂದರು ನಮ್ಮ ಆಟೋದವರು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಟೋಗೆ ಇಡೀ ದಿನದ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ, ಗುಂಬಜ್, ಸಂಗಮ, ನಿಮಿಷಾಂಬ ಗುಡಿ ಎಲ್ಲ ಹೆಸರು ಹೇಳಿಯೇ. ಗುಂಬಜ್‌ನಲ್ಲಿ ಹೈದರ್, ಟಿಪ್ಪು ಇಬ್ಬರ ಗೋರಿಯೂ ಇದೆ. ಬಾಗಿಲಿನ ದಂತದ ಕೆತ್ತನೆ ತಪ್ಪಿಸಬೇಡಿ. ಸಂಗಮದಲ್ಲಿ ತೆಪ್ಪ ಸಿಗುತ್ತದೆ. ಆದರೆ ಈಜು ಬರುತ್ತೆ ಅಂತ ನೀರಿಗಿಳಿಯಬೇಡಿ, ಸುಳಿ ಇದೆ. ದಡದಲ್ಲಿ ಕೂತು ಕಾಲು ಇಳಿಬಿಟ್ಟರೆ ಸಾಕು.

ರಂಗನತಿಟ್ಟು ಪಕ್ಷಿಧಾಮ ಸೇರಿಸುವುದಾದರೆ ಬೆಳಗ್ಗೆ ಅದಕ್ಕೇ ಮೊದಲು ಹೋಗಿ. ಕನ್ನಂಬಾಡಿ ಅಣೆಕಟ್ಟೆಯಿಂದ ಜಾಸ್ತಿ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಹೊರಡುವ ಮುಂಚೆ ಒಂದು ಫೋನ್ ಮಾಡಿ ಕೇಳಿ.